ಅದೇ ನಂಬರು, ಬೇರೆ ಉತ್ತರ

ಕೊಲಂಬಸ್, ಒಹಾಯೊ

ಪ್ರೀತಿಯ ಸಿಂಧು,

ದೊಡ್ಡಮ್ಮನ ಆಶೀರ್ವಾದಗಳು. ಸಿಟಿಜನ್ ಆದ ಮೇಲೆ ಈ ನವೆಂಬರ್ 3ಕ್ಕೆ ನಿನ್ನ ಮೊದಲ ವೋಟು ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. "ಗರ್ಭಪಾತದ ಹಕ್ಕು ಬೇಕು ಅಂತ ಮಿಸೌರಿ ಜನ 2024ರಲ್ಲೇ ಹೇಳಿದ್ದರಲ್ಲ, ಮತ್ತೆ ಯಾಕೆ ಕೇಳ್ತಾರೆ?" ಅಂದಿದ್ದೆ ನೀನು. ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

2022ರ ಜೂನ್ 24ರಂದು ಸುಪ್ರೀಂ ಕೋರ್ಟು, ದೇಶಕ್ಕೆಲ್ಲ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು. ಅವತ್ತೇ ನಿಮ್ಮ ಮಿಸೌರಿ ಗರ್ಭಪಾತ ನಿಷೇಧ ಜಾರಿಗೆ ತಂದಿತು. ಸೇಂಟ್ ಲೂಯಿಯ ಹೆಂಗಸರು ನದಿ ದಾಟಿ ಇಲಿನಾಯ್‌ಗೆ ಹೋಗಬೇಕಾಯಿತು. 2024ರಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿ, ಅಮೆಂಡ್‌ಮೆಂಟ್ 3, ಜನರ ವೋಟಿಗೆ ಬಂತು. ಶೇ 51.6 ಜನ 'ಯೆಸ್' ಅಂದರು, ಹಕ್ಕು ರಾಜ್ಯದ ಸಂವಿಧಾನಕ್ಕೆ ಸೇರಿತು. ಮುಂದಿನ ಮೇ ತಿಂಗಳಲ್ಲೇ ಅಲ್ಲಿನ ಶಾಸಕರು ಅದನ್ನು ತೆಗೆದುಹಾಕಲು ಇನ್ನೊಂದು ತಿದ್ದುಪಡಿ ತಂದರು. ಈಗ ನಿನ್ನ ಕೈಗೆ ಬರುವುದು ಅದು. ಅದರ ಹೆಸರೂ ಅಮೆಂಡ್‌ಮೆಂಟ್ 3! ಆದರೆ ಈ ಸಲ ಹಕ್ಕು ಉಳಿಯಲಿ ಅನ್ನುವವರು 'ನೋ' ಅನ್ನಬೇಕು.

ನಮ್ಮ ಒಹಾಯೊದಲ್ಲೂ ಹೀಗೇ ಆಯಿತು. 2023ರ ಆಗಸ್ಟ್‌ನಲ್ಲಿ ಇಶ್ಯೂ 1 ಅಂತ ಒಂದು ವೋಟು. ಇನ್ನು ಮುಂದೆ ಸಂವಿಧಾನ ತಿದ್ದಲು ಅರ್ಧಕ್ಕಿಂತ ಜಾಸ್ತಿ ಸಾಲದು, ಶೇ 60 ಬೇಕು ಅನ್ನುವ ಪ್ರಸ್ತಾಪ. ಅದರಲ್ಲಿ ಗರ್ಭಪಾತ ಅನ್ನುವ ಮಾತೇ ಇರಲಿಲ್ಲ, ಆದರೂ ನವೆಂಬರ್‌ನಲ್ಲಿ ಬರಲಿದ್ದ ಗರ್ಭಪಾತದ ಹಕ್ಕಿನ ವೋಟಿಗೆ ಅಡ್ಡ ಹಾಕಲು ಬಂದಿದೆ ಅಂತ ಊರಿಗೆಲ್ಲ ಗೊತ್ತಿತ್ತು. ಶೇ 57 ಜನ 'ನೋ' ಅಂದರು. ನವೆಂಬರ್‌ನಲ್ಲಿ ಹಕ್ಕಿನ ಪ್ರಶ್ನೆ ಬಂತು, ಅದೂ ಇಶ್ಯೂ 1. ಆಗಸ್ಟ್‌ನಲ್ಲಿ 'ನೋ' ಬೋರ್ಡು ನೆಟ್ಟಿದ್ದ ಅಂಗಳಗಳಲ್ಲೇ ಈಗ 'ಯೆಸ್' ಬೋರ್ಡು. ಪಾಪ, ವಯಸ್ಸಾದವರಿಗೆ ತಲೆ ಕೆಟ್ಟುಹೋಯಿತು. ಶೇ 56.8 ಬಂದು ಗೆದ್ದಿತು. ಮರುವರ್ಷ ಫ್ಲೋರಿಡಾದಲ್ಲಿ ಇಂಥದೇ ಹಕ್ಕಿನ ಪ್ರಶ್ನೆಗೆ ಶೇ 57 ಜನ 'ಯೆಸ್' ಅಂದರೂ ಸೋತಿತು, ಯಾಕೆಂದರೆ ಅಲ್ಲಿ ಶೇ 60ರ ನಿಯಮ ಮೊದಲೇ ಇತ್ತು. ಆಗಸ್ಟ್‌ನ ಆ ವೋಟಿಗೆ ಎಷ್ಟು ಬೆಲೆ ಇತ್ತು ನೋಡು.

ಅದಕ್ಕೇ ಹೇಳುವುದು, ಮತಪತ್ರದ ಮೇಲಿನ ನಾಲ್ಕು ಸಾಲಿನ ಸಾರಾಂಶ ನಂಬಬೇಡ. ಪೂರ್ತಿ ತಿದ್ದುಪಡಿ ಓದು. ನಿಮ್ಮಲ್ಲಿ ಶಾಸಕರು ಮೊದಲು ಬರೆದ ಸಾರಾಂಶದಲ್ಲಿ, ಇದು 2024ರ ಹಕ್ಕನ್ನು ರದ್ದು ಮಾಡುತ್ತದೆ ಅನ್ನುವುದೇ ಇರಲಿಲ್ಲ. ಇದು ಸಾಲದು ಅಂತ ಕೋರ್ಟು ಹೇಳಿದ ಮೇಲೆ ಬೇರೆ ಬರೆಯಬೇಕಾಯಿತು. ಇನ್ನೂ ಒಂದಿದೆ. ತಾಯಿಯ ಜೀವಕ್ಕೆ ಅಪಾಯ, ಭ್ರೂಣದ ಗಂಭೀರ ತೊಂದರೆ, ಅತ್ಯಾಚಾರವಾದರೆ 12 ವಾರದವರೆಗೆ ಅಂತ ಗರ್ಭಪಾತ ನಿಷೇಧಕ್ಕೆ ವಿನಾಯಿತಿಗಳನ್ನು ಹೇಳಿ, ಅದರ ಜೊತೆಗೇ ಮಕ್ಕಳ ಲಿಂಗ ಬದಲಾವಣೆ ಚಿಕಿತ್ಸೆಯ ನಿಷೇಧವನ್ನೂ ಕಟ್ಟಿದ್ದಾರೆ. ಒಂದು ಒಪ್ಪಿಗೆ, ಇನ್ನೊಂದು ಬೇಡ ಅನ್ನುವಂತಿಲ್ಲ. ಎರಡಕ್ಕೂ ಸೇರಿ ಒಂದೇ ಗುರುತು. ಇದು ನನಗೆ ಸರಿ ಕಾಣುವುದಿಲ್ಲ.

ವೋಟಿನ ಹಿಂದಿನ ದಿನ ಫೋನಿಗೆ ಬರುವ ಮೆಸೇಜು ನೋಡಿ ಮನಸ್ಸು ಬದಲಾಯಿಸಬೇಡ. 2022ರಲ್ಲಿ ಕಾನ್ಸಾಸ್‌ನಲ್ಲಿ 'ಯೆಸ್' ಅಂದರೆ ಹಕ್ಕು ಉಳಿಯುತ್ತದೆ ಅನ್ನುವ ಅರ್ಥದ ಮೆಸೇಜು ಹರಡಿತ್ತು. ನಿಜ ಇದ್ದದ್ದು ಅದಕ್ಕೆ ಉಲ್ಟಾ.

ನಿಮ್ಮ ಮಾವನವರು ಮಂಡ್ಯದ ಆಲೆಮನೆ ವಿಷಯ ತೆಗೆಯುತ್ತಾರೆ ಅಂದೆಯಲ್ಲ, 2023ರಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದದ್ದು. ಅವರ ಸಂಕಟ ಸುಳ್ಳಲ್ಲ. ಎದುರು ಮಾತಾಡಬೇಡ, ಪೂರ್ತಿ ಕೇಳಿಸಿಕೊ. ಆಮೇಲೆ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪು ಮಾಡು. 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಆ ಹುಡುಗಿಗೆ 17 ವಾರಕ್ಕೆ ಗರ್ಭ ಜಾರುತ್ತಿತ್ತು. ತೆಗೆದುಬಿಡಿ ಅಂತ ಕೇಳಿದಳು. ಭ್ರೂಣದ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ಸೋಂಕು ಮೈಗೆಲ್ಲ ಏರಿ ಹೋಗಿಬಿಟ್ಟಳು. ಅವಳಿಗೆ 31 ವರ್ಷ, ಡೆಂಟಿಸ್ಟ್. ಗರ್ಭಪಾತದ ಆ ನಿಷೇಧವನ್ನು ಅಲ್ಲಿನ ಸಂವಿಧಾನಕ್ಕೆ ಹಾಕಿದ್ದೂ ಜನರ ವೋಟೇ, 1983ರಲ್ಲಿ. 2018ರಲ್ಲಿ ಶೇ 66.4 ಜನ ವೋಟು ಹಾಕಿಯೇ ತೆಗೆದರು. ಅವತ್ತು ಡಬ್ಲಿನ್‌ನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಚಿತ್ರಕ್ಕೆ ಜನ ಚೀಟಿಗಳನ್ನು ಅಂಟಿಸಿ ಕ್ಷಮೆ ಕೇಳಿದರು. ಜನ ಮಾಡಿದ್ದನ್ನು ಜನವೇ ಬಿಚ್ಚಲು 35 ವರ್ಷ ಹಿಡಿಯಿತು.

ನನ್ನ ಮನಸ್ಸು ಯಾವ ಕಡೆ ಅಂತ ನಿನಗೆ ಗೊತ್ತು. ಆದರೆ ವೋಟು ನಿನ್ನದು. ಓದಿ, ಯೋಚಿಸಿ ನೀನು 'ಯೆಸ್' ಅಂದರೂ ನನಗೆ ಬೇಜಾರಿಲ್ಲ. 'ನೋ' ಅಂದುಕೊಂಡು ಹೋಗಿ, ನಂಬರು ನೋಡಿ 'ಯೆಸ್'ಗೆ ಗುರುತು ಹಾಕಿ ಬಂದರೆ ಮಾತ್ರ ಬೇಜಾರು.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅಕ್ಟೋಬರ್ 7 ಕೊನೆ. ಇನ್ನೂ ಆಗಿಲ್ಲದಿದ್ದರೆ ಇವತ್ತೇ ಮಾಡು. ಚುನಾವಣೆಗೆ ಎರಡು ವಾರ ಮೊದಲಿಂದಲೂ ಹೋಗಿ ವೋಟು ಹಾಕಬಹುದು, ಕಾರಣ ಕೇಳುವುದಿಲ್ಲ. ಫೋಟೊ ಇರುವ ಗುರುತಿನ ಚೀಟಿ ಮರೆಯಬೇಡ. ಮಾದರಿ ಮತಪತ್ರ ಸಿಕ್ಕಿದ ಕೂಡಲೇ ನನಗೊಂದು ಕಳಿಸು, ಇಬ್ಬರೂ ಕೂತು ಓದೋಣ. ಭಾನುವಾರ ಸಾಯಂಕಾಲ ನಾನು ಮನೆಯಲ್ಲೇ ಇರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ