ಬಂಡೆಗೆ, ಎರಡನೇ ನಂಬರಿನವನಿಂದ

ಪ್ರೀತಿಯ ಬಂಡೆ,

ಹೇಗಿದ್ದೀಯಾ? ಎಡಮಂಡಿ ಹೇಗಿದೆ? ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡೇ ನಿಮಿಷಕ್ಕೆ ಮಳೆ ಬಂತಾ, ಬಿಸಿಲಾ ಅನ್ನುವಲ್ಲಿಗೆ ಬಂದು ನಿಲ್ಲುತ್ತೇವೆ. ಅದಕ್ಕೇ ಪತ್ರ. ಎಲ್ಲರ ಕಣ್ಣಿಗೂ ಬೀಳುವ ಹಾಗೆ ಇಲ್ಲಿ ಬರೆಯುವುದಕ್ಕೆ ಒಂದು ಕಾರಣ ಇದೆ, ಮುಂದೆ ಗೊತ್ತಾಗುತ್ತದೆ. ನಮ್ಮ ರಗ್ಬಿ ತಂಡದ ಹಳೇ ಹುಡುಗರು ಯಾರಾದರೂ ನೋಡುತ್ತಿದ್ದರೆ ಪೂರ್ತಿ ಓದಿ. ಮೂರನೇ ನಿಂಬೆಹಣ್ಣಿನ ವಿಷಯ ಮಾತ್ರ ಯಾರೂ ಎತ್ತಬೇಡಿ.

ಎರಡು ತಿಂಗಳಿಂದ ನಾನು ಸ್ಕಾಟ್ಲೆಂಡಿನ ಬಾರ್ಡರ್ ಲೀಗ್ ಎಂಬ ರಗ್ಬಿ ಪಂದ್ಯಾವಳಿಯ ಚರಿತ್ರೆಯಲ್ಲಿ ಮುಳುಗಿದ್ದೇನೆ. ಇದನ್ನು ಕೇಳಿ ನನ್ನಷ್ಟೇ ಖುಷಿಪಡುವವನು ನೀನೊಬ್ಬನೇ. ಇಂಗ್ಲೆಂಡಿನ ಗಡಿಗೆ ಹತ್ತಿರದ ಪುಟ್ಟ ಪುಟ್ಟ ಊರುಗಳು. ಉಣ್ಣೆ ಗಿರಣಿಗಳು, ಕುರಿ, ಹೊಲ, ನದಿ. 1901ರಲ್ಲಿ ಗಾಲಾ, ಹಾಯಿಕ್, ಜೆಡ್-ಫಾರೆಸ್ಟ್, ಲ್ಯಾಂಗ್‌ಹೋಮ್, ಮೆಲ್ರೋಸ್ ಅಂತ ಐದು ಕ್ಲಬ್ಬುಗಳು ಸೇರಿ ಒಂದು ಲೀಗ್ ಕಟ್ಟಿದವು. ಆಮೇಲೆ ಕೆಲ್ಸೊ, ಸೆಲ್‌ಕರ್ಕ್ ಬಂದವು. ರಗ್ಬಿ ಯೂನಿಯನ್‌ನಲ್ಲಿ, ಅಂದರೆ ನಾವು ಆಡಿದ ಹದಿನೈದು ಜನರ ರಗ್ಬಿಯಲ್ಲಿ, ಜಗತ್ತಿನ ಅತಿ ಹಳೆಯ ಲೀಗ್ ಅಂತ ಇದನ್ನೇ ಕರೆಯುತ್ತಾರೆ. ಈಗಲೂ ನಡೆಯುತ್ತಿದೆ ಕಣೋ.

ಎಡಿನ್‌ಬರೋದ ದೊಡ್ಡ ಕ್ಲಬ್ಬುಗಳಲ್ಲಿ ಹೆಚ್ಚಿನವು ಆಗ ಶಾಲೆಗಳದ್ದು. ಆ ಶಾಲೆಯಲ್ಲಿ ಓದಿದವರಿಗೆ ಮಾತ್ರ ಜಾಗ. ಈ ಗಡಿ ಊರುಗಳಲ್ಲಿ ಹಾಗಿರಲಿಲ್ಲ. ಗಿರಣಿಯವನು, ರೈತ, ಕಸಾಯಿ, ಮೇಷ್ಟ್ರು, ಎಲ್ಲರೂ ಒಂದೇ ಸ್ಕ್ರಮ್ಮಿನಲ್ಲಿ, ಅಂದರೆ ಚೆಂಡಿಗಾಗಿ ಹೆಗಲು ಕೊಟ್ಟು ತಳ್ಳಾಡುವ ಗುಂಪಿನಲ್ಲಿ, ತಲೆ ಕೊಟ್ಟವರು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ.

ಊರೂರಿಗೆ ಜಗಳ ಬೇರೆ. ಗಾಲಾಶೀಲ್ಸಿಗೂ ಮೆಲ್ರೋಸಿಗೂ ಆರೇಳು ಕಿಲೋಮೀಟರ್ ದೂರ ಅಷ್ಟೇ. ಮೊದಲು ಇಬ್ಬರದ್ದೂ ಒಂದೇ ಕ್ಲಬ್. 1877ರಲ್ಲಿ ಮೆಲ್ರೋಸಿನವರು ಬೇರೆಯಾದರು. ರಾತ್ರೋರಾತ್ರಿ ಗೋಲ್ ಕಂಬಗಳನ್ನು ಕಿತ್ತು ಹೊತ್ತುಕೊಂಡು ಹೋದರು ಅಂತ ಇವತ್ತಿಗೂ ಕಥೆ ಹೇಳುತ್ತಾರೆ. ಆರು ವರ್ಷ ಕಳೆದ ಮೇಲೆ ಆ ಮೆಲ್ರೋಸ್ ಕ್ಲಬ್ಬಿನ ಕೈಯಲ್ಲಿ ಕಾಸಿಲ್ಲ. ಕ್ರೀಡಾದಿನ ಮಾಡಿ ಹಣ ಎತ್ತೋಣ ಅಂದುಕೊಂಡರು. ಒಂದು ಮಧ್ಯಾಹ್ನದಲ್ಲಿ ಹದಿನೈದು ಜನರ ತಂಡಗಳ ಪಂದ್ಯಾವಳಿ ಮುಗಿಯುವುದಿಲ್ಲ ಅಲ್ವಾ? ಆಗ ಕಸಾಯಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ ತಂಡವನ್ನು ಏಳು ಜನಕ್ಕೆ ಇಳಿಸಿದ. 1883ರ ಏಪ್ರಿಲ್ 28. ಇಂದು ಒಲಿಂಪಿಕ್ಸಿನಲ್ಲಿ ಆಡುವ ಸೆವೆನ್ಸ್ ಹುಟ್ಟಿದ್ದು ಆವತ್ತು. ಫೈನಲ್ಲಿನಲ್ಲಿ ಎದುರಾಳಿ ಯಾರು ಗೊತ್ತಾ? ಅದೇ ಗಾಲಾ! ಪಂದ್ಯ ಸಮ ಆಯಿತು, ಹೆಚ್ಚುವರಿ ಆಟ ಶುರುವಾಯಿತು, ಮೆಲ್ರೋಸ್ ಒಂದು ಟ್ರೈ ಹೊಡೆದು ಅಂಕ ಪಡೆದದ್ದೇ ತಡ ನಾವೇ ಗೆದ್ದೆವು ಅಂತ ಮೈದಾನ ಬಿಟ್ಟು ನಡೆದರು. ನಮ್ಮ ಆ ಎರಡನೇ ವರ್ಷದ ಸೆಮಿಫೈನಲ್ ನೆನಪಾಯಿತು. ನಿನಗೂ ಆಗಿರುತ್ತದೆ.

ಇಷ್ಟನ್ನೂ ಖುಷಿಯಿಂದ ಓದುತ್ತಿದ್ದೆ. ಅದರಲ್ಲಿ ಹಣದ ವಿಷಯ ಬಂತು. ಅಲ್ಲಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನೋಡು, ಆಗ ಲೀಗ್ ಅಂದರೇ ಆಟ ನಡೆಸುವ ದೊಡ್ಡವರಿಗೆ ಭಯ. ಲೀಗ್ ಬಂದರೆ ಪೈಪೋಟಿ, ಪೈಪೋಟಿ ಬಂದರೆ ಆಟಗಾರನ ಕೈಗೆ ದುಡ್ಡು, ಅಲ್ಲಿಗೆ ಆಟ ಕೆಟ್ಟಿತು ಅನ್ನುವುದು ಅವರ ಲೆಕ್ಕ. ಭಯಕ್ಕೆ ಕಾರಣವೂ ಇತ್ತು. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕೆಲಸಗಾರರು ಆಡಲು ಹೋದರೆ ಆ ದಿನದ ಕೂಲಿ ಮುರಿದುಕೊಳ್ಳುತ್ತಿದ್ದರು. ಆ ಕೂಲಿಯನ್ನಾದರೂ ಕ್ಲಬ್ ಕಟ್ಟಿಕೊಡಲಿ ಅಂತ ಯಾರ್ಕ್‌ಷೈರಿನವರು 1893ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ ಸಭೆಯಲ್ಲಿ ಕೇಳಿದರು. ಬೇಡ ಅಂದವರು 282, ಸರಿ ಅಂದವರು 136. ಎರಡು ವರ್ಷ ಕಾದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ 22 ಕ್ಲಬ್ಬುಗಳು ಹೊರಗೆ ನಡೆದವು. ಮುಂದೆ ರಗ್ಬಿ ಲೀಗ್ ಅಂತ ಬೇರೆ ಆಟವೇ ಆಯಿತು. ಶುರುವಿನಲ್ಲಿ ಅವರು ಕೇಳಿದ್ದು ಎಷ್ಟು ಅಂದುಕೊಂಡೆ? ಕೆಲಸ ಬಿಟ್ಟ ದಿನಕ್ಕೆ 6 ಶಿಲ್ಲಿಂಗ್.

ಆ ಪೆಟ್ಟು ಎಷ್ಟು ಆಳ ಅಂದರೆ, ಇಂಗ್ಲೆಂಡಿನ ಯೂನಿಯನ್ ಕ್ಲಬ್ಬುಗಳಿಗೆ ದೇಶವಿಡೀ ಒಂದು ಲೀಗ್ ಬರಲು 1987 ಆಗಬೇಕಾಯಿತು. ಸ್ಕಾಟ್ಲೆಂಡಿನಲ್ಲಿ 1973. ಅಲ್ಲಿ ಮೊದಲ ಐದು ವರ್ಷ ಗೆದ್ದದ್ದು ನಮ್ಮ ಹಾಯಿಕ್. (ನಮ್ಮ ಅಂದುಬಿಟ್ಟೆ. ಇರಲಿ ಬಿಡು, ನಮ್ಮದೇ.) ಅಂಥಾ ಕಾಲದಲ್ಲಿ 1901ರಲ್ಲೇ ಲೀಗ್ ಕಟ್ಟಿ, ಅದನ್ನು ಉಳಿಸಿಕೊಂಡು, ಯಾರಿಗೂ ಒಂದು ಪೆನ್ನಿ ಕೊಡದೆ ಆಡಿಸಿದ ಈ ಊರುಗಳ ಧೈರ್ಯವನ್ನು ನಾನು ಬಾಯಿ ತುಂಬಾ ಹೊಗಳುತ್ತಿದ್ದೆ.

ಆಗ ಗಾಲಾದ ಜಾಕ್ ವೀಮ್ಸ್ ಸಿಕ್ಕಿದ. ಫಾರ್ವರ್ಡ್, ಸ್ಕ್ರಮ್ಮಿನಲ್ಲಿ ತಳ್ಳುವ ನಿನ್ನ ಜಾತಿಯವನು. 1914ರಲ್ಲಿ ಸ್ಕಾಟ್ಲೆಂಡ್ ಪರ ಆಡಿದ್ದ. ಯುದ್ಧಕ್ಕೆ ಹೋಗಿ ಒಂದು ಕಣ್ಣು ಕಳೆದುಕೊಂಡ. 1920ರ ಜನವರಿ 1ರಂದು ಪ್ಯಾರಿಸಿನ ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಫ್ರಾನ್ಸ್ ಎದುರು ಮತ್ತೆ ಕರೆಸಿಕೊಂಡರು. ಎದುರು ತಂಡದ ಮಾರ್ಸೆಲ್ ಲುಬಾಂ-ಲೆಬ್ರೇರ್ ಕೂಡ ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವನೇ. ಪಂದ್ಯಕ್ಕೆ ಮುಂಚೆ ಎಲ್ಲರಿಗೂ ಜೆರ್ಸಿ ಹಂಚಿದರು, ವೀಮ್ಸ್‌ಗೆ ಮಾತ್ರ ಇಲ್ಲ. ನಿನಗೆ 1914ರಲ್ಲೇ ಒಂದು ಕೊಟ್ಟಿದ್ದೆವಲ್ಲ ಅಂದರಂತೆ.

ಇದನ್ನು ಓದಿ ನನಗೆ ಮೊದಲು ನಗು ಬಂತು. ಆಮೇಲೆ ಎದ್ದು ಸುಮ್ನೆ ಓಡಾಡಿದೆ.

ಅದಾದ ಮೇಲೆ ಡೇವ್ ವ್ಯಾಲೆಂಟೈನ್. ಹಾಯಿಕ್ ಹುಡುಗ. 1947ರಲ್ಲಿ ಸ್ಕಾಟ್ಲೆಂಡ್ ಪರ ಆಡಿದ. ಅದೇ ವರ್ಷ ಹಣ ತೆಗೆದುಕೊಂಡು ಹಡರ್ಸ್‌ಫೀಲ್ಡಿಗೆ ರಗ್ಬಿ ಲೀಗ್ ಆಡಲು ಹೋದ. ಹಾಗೆ ಹೋದವರಿಗೆ ಯೂನಿಯನ್ ಬಾಗಿಲು ಜೀವನಪೂರ್ತಿ ಬಂದ್. ಮತ್ತೆ ಆಡುವಂತಿಲ್ಲ, ಊರಿನ ಮಕ್ಕಳಿಗೆ ಹೇಳಿಕೊಡುವಂತಿಲ್ಲ. ಅವನು ಒಬ್ಬನೇ ಅಲ್ಲ, ಆ ಗಡಿ ಊರುಗಳಿಂದ ಹಾಗೆ ದಕ್ಷಿಣಕ್ಕೆ ಹೋದವರು ತುಂಬಾ ಜನ. 1954ರಲ್ಲಿ ರಗ್ಬಿ ಲೀಗಿನ ಮೊಟ್ಟಮೊದಲ ವಿಶ್ವಕಪ್ ನಡೆಯಿತು. ಗ್ರೇಟ್ ಬ್ರಿಟನ್ ಕ್ಯಾಪ್ಟನ್ ವ್ಯಾಲೆಂಟೈನ್. ಫೈನಲ್ಲಿನಲ್ಲಿ ಫ್ರಾನ್ಸನ್ನು 16–12ರಿಂದ ಸೋಲಿಸಿ ಕಪ್ ಎತ್ತಿದ. ಎಲ್ಲಿ? ಅದೇ ಪಾರ್ಕ್ ದೆ ಪ್ರಾನ್ಸ್. ವಿಶ್ವಕಪ್ ಗೆದ್ದ ಕ್ಯಾಪ್ಟನ್ ಅವನು, ಆದರೆ ತನ್ನೂರಿನ ಕ್ಲಬ್ಬಿಗೆ ಒಂದು ಸಣ್ಣ ಪಂದ್ಯ ಆಡಲು ಅರ್ಹನಲ್ಲ.

ಆ ಬಾಗಿಲು ತೆರೆದದ್ದು 1995ರ ಆಗಸ್ಟಿನಲ್ಲಿ. ಆಟ ಎಲ್ಲರಿಗೂ ಮುಕ್ತ, ಹಣ ಕೊಡಬಹುದು, ತೆಗೆದುಕೊಳ್ಳಬಹುದು ಅಂತ ಒಂದು ಸಭೆಯಲ್ಲಿ ಹೇಳಿ ಮುಗಿಸಿದರು. ಆ ಸಭೆಯೂ ಪ್ಯಾರಿಸಿನಲ್ಲೇ. ನೂರು ವರ್ಷ ಬೇಕಾಯಿತು ಬಂಡೆ, 6 ಶಿಲ್ಲಿಂಗಿಗೆ.

ನಿನಗೆ ಗೊತ್ತಾಗಿರಬೇಕು ಈಗ, ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ.

ಆಡುವುದಕ್ಕೇ ಕೆಲಸ ಕೊಡ್ತೀವಿ, ತಿಂಗಳ ಸಂಬಳ ಕೊಡ್ತೀವಿ ಅಂತ ಆ ತಂಡದವರು ನಿನ್ನನ್ನು ಕರೆದಾಗ ನಾನು ಕ್ಯಾಪ್ಟನ್. ಎಲ್ಲರ ಮುಂದೆ, ಬೂಟಿನ ಲೇಸ್ ಬಿಚ್ಚುತ್ತಾ, ನೀನು ಮಾರಿಕೊಂಡೆ ಅಂದೆ. ಗೋಡೆ ಮೇಲಿದ್ದ ತಂಡದ ಫೋಟೋ ಇಳಿಸಿದ್ದು ನಾನು. ಚೌಕಟ್ಟು ಒಡೆದಿದೆ ಅಂತ ಹುಡುಗರಿಗೆ ಹೇಳಿದ್ದೆ, ಅದು ಒಡೆದಿರಲಿಲ್ಲ. ಆರು ತಿಂಗಳಾದ ಮೇಲೆ ನೀನು ಒಂದು ಸಂಜೆ ಆಟ ನೋಡಲು ಬಂದೆ. ಟಚ್‌ಲೈನಿನ ಹೊರಗೆ ಬ್ಯಾಗ್ ಹಿಡಿದು ನಿಂತಿದ್ದೆ. ಅವನ ಕೈ ಕುಲುಕಬೇಡಿ ಅಂತ ಹುಡುಗರಿಗೆ ಹೇಳಿದವನು ನಾನೇ. ಇಷ್ಟು ವರ್ಷ ನೀನು ಅದು ಅವರದ್ದೇ ಸಿಟ್ಟು ಅಂದುಕೊಂಡಿದ್ದೀಯ. ಅಲ್ಲ. ಪಾಪ, ಅವರು ನಿನ್ನತ್ತ ಓಡಿ ಬರುವವರಿದ್ದರು.

ದುಡ್ಡಿಗೆ ಆಡಬಾರದು, ಪ್ರೀತಿಗೆ ಆಡಬೇಕು ಅಂತ ಎಲ್ಲ ಕಡೆ ಹೇಳಿಕೊಂಡು ತಿರುಗಿದೆ. ಬೇಕಾದಷ್ಟು ಉದಾಹರಣೆಗಳೂ ಇದ್ದವು ನನ್ನ ಹತ್ತಿರ. ಆ ಗಡಿ ಭಾಗಕ್ಕೇ ಒಂದು ವೃತ್ತಿಪರ ತಂಡ ಕಟ್ಟಿದರು, ಬಾರ್ಡರ್ ರೀವರ್ಸ್ ಅಂತ. 2007ರಲ್ಲಿ ಮುಚ್ಚಿಯೇ ಹೋಯಿತು. ನೋಡಿ, ದುಡ್ಡಿನ ತಂಡ ಕೆಲವೇ ವರ್ಷ, ಪ್ರೀತಿಯ ಲೀಗ್ ನೂರು ವರ್ಷ ಅಂತ ನಾನು ಎಷ್ಟು ಜನರ ಮುಂದೆ ಹೇಳಿಲ್ಲ! ಆದರೆ ಆ ತಂಡ ಮುಚ್ಚಿದಾಗ ಸಂಬಳ ನಿಂತದ್ದು ಯಾರ ಮನೆಯಲ್ಲಿ ಅಂತ ಒಂದು ಸಲವೂ ಯೋಚಿಸಲಿಲ್ಲ. ನಿಮ್ಮಪ್ಪನ ಕೆಲಸ ಹೋದ ವರ್ಷವೇ ನೀನು ಹೋದದ್ದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಆಡಿದೆ.

ಇನ್ನೊಂದಿದೆ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಅವರು ನೋಡಲು ಬಂದ ದಿನ ನಮ್ಮಿಬ್ಬರನ್ನೂ ನೋಡಿದರು. ಪಂದ್ಯ ಮುಗಿದ ಮೇಲೆ ನನ್ನನ್ನು ಕರೆದು ತೂಕ ಎಷ್ಟು ಅಂತ ಕೇಳಿದರು. ನಾನು ಹೇಳಿದೆ. ಸರಿ ಅಂತ ತಲೆ ಆಡಿಸಿ, ನಿನ್ನ ವಿಳಾಸ ಕೇಳಿದರು. ಬರೆದು ಕೊಟ್ಟವನು ನಾನು. ನನ್ನದೇ ಅಕ್ಷರದಲ್ಲಿ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಕರೆದಿದ್ದರೆ ನಾನು ಹೋಗುತ್ತಿದ್ದೆ ಬಂಡೆ. ಆ ರಾತ್ರಿಯೇ ಹೊರಡುತ್ತಿದ್ದೆ.

ಸ್ಕ್ರಮ್ಮಿನಲ್ಲಿ ಹುಕರ್, ಅಂದರೆ ನನ್ನ ಹಾಗೆ ಎರಡನೇ ನಂಬರಿನವನು, ಹೇಗಿರುತ್ತಾನೆ ಅಂತ ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಅವನ ಎರಡೂ ತೋಳು ಅಕ್ಕಪಕ್ಕದ ಪ್ರಾಪ್‌ಗಳ, ಅಂದರೆ ನಿನ್ನಂಥವರ, ಹೆಗಲ ಮೇಲಿರುತ್ತವೆ. ಕುಸಿದರೆ ಊರಿಕೊಳ್ಳಲು ಅವನಿಗೆ ಕೈ ಇಲ್ಲ. ನಾಲ್ಕು ವರ್ಷ ನಾನು ಹಾಗೆ ನಿನ್ನ ಹೆಗಲಿಗೆ ನೇತುಬಿದ್ದು ಆಡಿದೆ. ಒಂದು ಸಲವೂ ನನ್ನ ಮುಖ ನೆಲಕ್ಕೆ ತಾಗಲು ನೀನು ಬಿಡಲಿಲ್ಲ. ನಿನ್ನ ಕೈ ಕುಲುಕಬೇಡಿ ಅಂದದ್ದು ಅಂಥಾ ಕುತ್ತಿಗೆಯ ಮೇಲಿದ್ದ ಬಾಯಿ. ಎಲ್ಲರ ಮುಂದೆ ಆಡಿದ ಮಾತು ಅದು, ಅದಕ್ಕೇ ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ತಪ್ಪಾಯಿತು ಕಣೋ.

ಸಾಕು, ಬೇರೆ ಮಾತಾಡೋಣ. ನಿನಗೆ ಇಷ್ಟವಾಗುವಂಥದ್ದು ಒಂದಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಆಡುವ ಕಲ್ಕತ್ತಾ ಕಪ್ ಗೊತ್ತಲ್ಲ? ಕಲ್ಕತ್ತೆಯ ರಗ್ಬಿ ಕ್ಲಬ್ ಮುಚ್ಚುವಾಗ ಉಳಿದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಹಿಡಿಗೆ ನಾಗರ ಹಾವು, ಮುಚ್ಚಳಕ್ಕೆ ಆನೆ. 1988ರಲ್ಲಿ ಪಂದ್ಯದ ರಾತ್ರಿ ಕೆಲ್ಸೊದ ರೈತ ಜಾನ್ ಜೆಫ್ರಿ ಮತ್ತು ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಸೇರಿ ಅದನ್ನು ಎಡಿನ್‌ಬರೋ ಬೀದಿಯಲ್ಲಿ ಚೆಂಡಿನ ಹಾಗೆ ಒದ್ದುಕೊಂಡು ಹೋಗಿ ನುಗ್ಗುನುಗ್ಗು ಮಾಡಿದರು. ಹಗಲಿಡೀ ಎದುರುಬದುರು ಗುದ್ದಾಡಿ, ರಾತ್ರಿ ಒಟ್ಟಿಗೆ! ನಮ್ಮ ಬಕೆಟ್ಟಿಗೆ ಆದ ಗತಿಯೇ.

ಫೋಟೋ ನನ್ನ ಅಲ್ಮೇರಾದಲ್ಲಿತ್ತು, ಗಾಜು ಒರೆಸಿದ್ದೇನೆ. ಮೊಳೆ ಅದೇ ಜಾಗದಲ್ಲಿ ಇನ್ನೂ ಇದೆ. ಮುಂದಿನ ತಿಂಗಳು ಹಳೇ ಹುಡುಗರೆಲ್ಲ ಸೇರುತ್ತಿದ್ದಾರೆ, ಆಡಲಿಕ್ಕಲ್ಲ, ಸುಮ್ನೆ ನಿಂತು ಮಾತಾಡುವುದಕ್ಕೆ. ನೀನು ಬಂದು ಅದನ್ನು ನೇತುಹಾಕು. ನನಗೆ ಎತ್ತರ ಸಾಲುವುದಿಲ್ಲ ಅಂತ ನಿನಗೆ ಗೊತ್ತೇ ಇದೆ.

ಮಂಡಿಗೆ ಬೆಲ್ಟ್ ಹಾಕಿಕೊಂಡು ಬಾ. ನಿಂಬೆಹಣ್ಣು ನಾನು ತರುತ್ತೇನೆ, ಎರಡೇ.

ನಿನ್ನ,
ಎರಡನೇ ನಂಬರ್