ನಂಬಿಕೆಯೋ ಕ್ರಿಯೆಯೋ: ಜಗಳ ಇರುವುದು ಬೇರೆ ಕಡೆ

ಮಾನ್ಯ ಸಂಪಾದಕರೇ,

ನವೆಂಬರ್ 2ರಂದು ನಮ್ಮ ಜಿಲ್ಲೆಯ ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗಲೋ ಗುಡ್ ಫ್ರೈಡೇ ಬಂದಾಗಲೋ ಪತ್ರಿಕೆಗಳಲ್ಲಿ ಒಂದು ಸಾಲು ನುಸುಳುತ್ತದೆ: ಕ್ಯಾಥೊಲಿಕರಿಗೆ ಸತ್ಕರ್ಮದಿಂದ ಮೋಕ್ಷ, ಪ್ರೊಟೆಸ್ಟೆಂಟರಿಗೆ ಬರೀ ನಂಬಿಕೆಯಿಂದ ಮೋಕ್ಷ. ಓದಲು ಅಚ್ಚುಕಟ್ಟಾಗಿದೆ. ಆದರೆ ಎರಡು ಕಡೆಯವರೂ ಇದನ್ನು ಒಪ್ಪುವುದಿಲ್ಲ.

ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು, ತನ್ನ 6ನೇ ಅಧಿವೇಶನದಲ್ಲಿ, ಈ ವಿಷಯದ ಮೇಲೆ 16 ಅಧ್ಯಾಯಗಳನ್ನೂ 33 ಖಂಡನೆಗಳನ್ನೂ ಹೊರಡಿಸಿತು. ಎಲ್ಲರ ಬಾಯಲ್ಲಿರುವುದು 9ನೇ ಖಂಡನೆ; ನಂಬಿಕೆಯೊಂದೇ ಸಾಕು, ಬೇರೇನೂ ಬೇಡ ಎನ್ನುವವರಿಗೆ ಅದು ಬಹಿಷ್ಕಾರ ಹಾಕುತ್ತದೆ. 1ನೆಯದನ್ನು ತೆರೆದು ನೋಡುವವರು ಕಡಿಮೆ. ಕ್ರಿಸ್ತನಿಂದ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ದೇವರ ಮುಂದೆ ನೀತಿವಂತನಾಗಬಹುದು ಎಂದವನಿಗೂ ಅದೇ ಬಹಿಷ್ಕಾರ! 8ನೇ ಅಧ್ಯಾಯ ಇನ್ನೂ ಬಿಗಿ: ನೀತಿವಂತನಾಗುವ ಮೊದಲು ಇರುವ ಯಾವುದೂ, ವಿಶ್ವಾಸವಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಸಂಪಾದಿಸಿಕೊಡದು. ಜ್ಞಾನಸ್ನಾನ ಪಡೆಯುವ ಕೂಸು ಯಾವ ಪುಣ್ಯ ಮಾಡಿರುತ್ತದೆ? ಕ್ರಿಯೆಗಳಿಗೆ ಜಾಗ ಸಿಗುವುದು ಆಮೇಲೆ. ಪಡೆದ ಕೃಪೆ ಸತ್ಕ್ರಿಯೆಗಳಿಂದ ಬೆಳೆಯುತ್ತದೆ, ಮಾರಕ ಪಾಪದಿಂದ ಕಳೆದುಹೋಗುತ್ತದೆ, ಪಾಪನಿವೇದನೆಯಿಂದ ಮರಳುತ್ತದೆ. ಕೊನೆಗೆ ಸಿಗುವ ನಿತ್ಯಜೀವ ದೇವರ ಕೃಪೆಯೂ ಹೌದು, ಪ್ರತಿಫಲವೂ ಹೌದು ಎನ್ನುತ್ತದೆ 16ನೇ ಅಧ್ಯಾಯ. ಪ್ರೊಟೆಸ್ಟೆಂಟರ ತಕರಾರು ಶುರುವಾಗುವುದು ಈ ‘ಪ್ರತಿಫಲ’ದ ಹತ್ತಿರ.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಎಂದು ಪೌಲ ರೋಮಾಪುರದವರಿಗೆ ಬರೆದ ಪತ್ರದ 3:28ಕ್ಕೆ ‘ಮಾತ್ರ’ ಎಂಬ ಪದ ಸೇರಿಸಿದರು. ಗ್ರೀಕ್ ಮೂಲದಲ್ಲಿ ಅದಿಲ್ಲ. ಜರ್ಮನ್ ಮಾತಿನ ಜಾಯಮಾನಕ್ಕೆ ಅದು ಬೇಕೆಂದು 1530ರಲ್ಲಿ ಬಹಿರಂಗ ಪತ್ರ ಬರೆದು ಸಮರ್ಥಿಸಿಕೊಂಡರು. ಕನ್ನಡದಲ್ಲಾಗಿದ್ದರೆ ಬೇರೆ ಪದವೂ ಬೇಡ. ‘ನಂಬಿಕೆಯಿಂದ’ ಹೋಗಿ ‘ನಂಬಿಕೆಯಿಂದಲೇ’ ಆಗಲು ಒಂದು ಏಕಾರ ಸಾಕು. ತಮಾಷೆಯೆಂದರೆ, ‘ನಂಬಿಕೆಯಿಂದ ಮಾತ್ರ’ ಎಂಬ ಮಾತು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಡೆ, ಯಾಕೋಬನ ಪತ್ರ 2:24ರಲ್ಲಿ. ಅದೂ ‘ಅಲ್ಲ’ ಎನ್ನುವುದಕ್ಕೆ.

ಹಾಗಾದರೆ ಪೌಲನಿಗೂ ಯಾಕೋಬನಿಗೂ ವಿರೋಧವೇ? ಇಬ್ಬರೂ ಎತ್ತಿಕೊಳ್ಳುವುದು ಆದಿಕಾಂಡ 15:6ನ್ನೇ: ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿಯೆಂದು ಸೇರಿತು. ಆದರೆ ಪೌಲನ ಎದುರಿಗಿದ್ದವನು ಸುನ್ನತಿ ಮಾಡಿಸಿಕೊಳ್ಳದೆ ಒಳಗೆ ಬಿಡೆವು ಎನ್ನುವವನು. ಯಾಕೋಬನ ಎದುರಿಗಿದ್ದವನು ಬಟ್ಟೆ ಇಲ್ಲದ, ಹಸಿದ ಸಹೋದರನಿಗೆ ಏನೂ ಕೊಡದೆ ‘ಸಮಾಧಾನದಿಂದ ಹೋಗು, ಬೆಚ್ಚಗಿರು’ ಎಂದು ಬಾಗಿಲಿನಿಂದಲೇ ಸಾಗಹಾಕುವವನು. ಕಾಯಿಲೆ ಎರಡು, ಮದ್ದೂ ಎರಡು. ಎರಡಕ್ಕೂ ‘ಕರ್ಮ’ ಎಂದು ಬರೆದುಬಿಟ್ಟರೆ ಕನ್ನಡ ಓದುಗನ ಕಿವಿಗೆ ಕರ್ಮಫಲ ಕೇಳಿಸುತ್ತದೆ, ಪೌಲನೂ ಯಾಕೋಬನೂ ಕೇಳಿಸುವುದಿಲ್ಲ.

ಪ್ರೊಟೆಸ್ಟೆಂಟರೂ ಬರೀ ನಂಬಿಕೆ ಎಂದು ಕೈಚೆಲ್ಲಿದವರಲ್ಲ. ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು ಎನ್ನುತ್ತದೆ ಲೂಥರನ್ನರ ವಿಶ್ವಾಸದ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆಯ 6ನೇ ವಿಧಿ. ಕಾಫಿ ಸೀಮೆಯಲ್ಲಿ ಇದನ್ನು ವಿವರಿಸುವುದು ಸುಲಭ: ಗಿಡಕ್ಕೆ ಜೀವವಿದೆಯೆಂದು ಹಣ್ಣು ತೋರಿಸುತ್ತದೆ, ಒಣಗಿದ ಗಿಡಕ್ಕೆ ಹಣ್ಣು ಕಟ್ಟಿ ಜೀವ ಬರಿಸಲಾಗದು. ನಿಜವಾದ ಭಿನ್ನಾಭಿಪ್ರಾಯ ಇರುವುದು, ದೇವರು ಮನುಷ್ಯನನ್ನು ನೀತಿವಂತನೆಂದು ಘೋಷಿಸುತ್ತಾನೋ ಇಲ್ಲವೇ ನೀತಿವಂತನನ್ನಾಗಿ ಮಾಡುತ್ತಾನೋ ಎಂಬಲ್ಲಿ. ಪ್ರೊಟೆಸ್ಟೆಂಟರು ಹೇಳುವ ಮೊದಲನೆಯದು ಕೋರ್ಟಿನ ತೀರ್ಪಿನ ಹಾಗೆ, ಒಂದೇ ಸಲ. ಕ್ಯಾಥೊಲಿಕರು ಹೇಳುವ ಎರಡನೆಯದು ವಾಸಿಯಾಗುವ ರೋಗಿಯ ಹಾಗೆ, ದಿನಗಳೆದಂತೆ.

ಕಡೇ ನ್ಯಾಯತೀರ್ಪಿನ ಹತ್ತಿರ ಬಂದಾಗ ಇಬ್ಬರೂ ತಡವರಿಸುತ್ತಾರೆ. ಮತ್ತಾಯ 25ರಲ್ಲಿ ಕ್ರಿಸ್ತ ಜನರನ್ನು ಕುರಿ, ಆಡುಗಳ ಹಾಗೆ ಬಲಕ್ಕೂ ಎಡಕ್ಕೂ ಬೇರ್ಪಡಿಸುವಾಗ ಎಣಿಸುವುದು ಆರು ಸಂಗತಿಗಳನ್ನು: ಹಸಿವು, ಬಾಯಾರಿಕೆ, ಪರದೇಶಿ, ಬಟ್ಟೆ, ಕಾಯಿಲೆ, ಸೆರೆಮನೆ. ವಿಶ್ವಾಸಪ್ರಮಾಣ ಬಾಯಿಪಾಠ ಬರುತ್ತದೆಯೇ ಎಂದು ಕೇಳುವುದಿಲ್ಲ. ಆದರೆ ಬಲಗಡೆಯವರು ‘ಯಾವಾಗ ನಿನ್ನನ್ನು ಕಂಡೆವು?’ ಎಂದು ಬೆರಗಾಗುತ್ತಾರೆ, ಪುಣ್ಯದ ಲೆಕ್ಕ ಬರೆದಿಟ್ಟವರು ಹಾಗೆ ಬೆರಗಾಗುವುದಿಲ್ಲ. ಪ್ರಕಟನೆ 20:12ರಲ್ಲಿ ಕ್ರಿಯೆಗಳನ್ನು ಬರೆದ ಪುಸ್ತಕಗಳು ಹಲವು ತೆರೆಯುತ್ತವೆ; ಜೊತೆಗೆ ಜೀವಬಾಧ್ಯರ (ನಿತ್ಯಜೀವಕ್ಕೆ ಹಕ್ಕುಳ್ಳವರ) ಹೆಸರಿನ ಪುಸ್ತಕ ಬೇರೊಂದು. ಯಾವ ಪುಸ್ತಕ ತೀರ್ಮಾನಿಸುತ್ತದೆ, ಯಾವುದು ಸಾಕ್ಷಿ ಹೇಳುತ್ತದೆ ಎಂಬುದೇ ವಾದದ ತಿರುಳು.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಚರ್ಚೂ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮಲ್ಲಿರುವ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಒಳ್ಳೆಯ ಕ್ರಿಯೆಗಳಿಗೆ ಸಜ್ಜುಗೊಳಿಸುತ್ತಾನೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಇದು ನಮಗೆ ದೂರದ ಸುದ್ದಿಯಲ್ಲ, ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ್ದು ಮೆಥಡಿಸ್ಟರ ವೆಸ್ಲಿಯನ್ ಮಿಷನ್. ಕ್ರಿಯೆಗಳು ಯೋಗ್ಯತೆಯಲ್ಲ, ಆದರೆ ಷರತ್ತು ಎಂದು 1770ರ ಸಮ್ಮೇಳನದಲ್ಲಿ ಹೇಳಿ ಸ್ವಂತ ಪ್ರೊಟೆಸ್ಟೆಂಟ್ ಗೆಳೆಯರಿಂದಲೇ ಬೈಸಿಕೊಂಡವರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ. ಘೋಷಣೆಯಿಂದ ಎಲ್ಲವೂ ಬಗೆಹರಿಯಲಿಲ್ಲ. ಸಹಿ ಹಾಕದ ಲೂಥರನ್ ಸಭೆಗಳು ಇವೆ, ಪ್ರತಿಫಲದ ಪ್ರಶ್ನೆಯೂ ಉಳಿದಿದೆ.

ಉಪದೇಶಕರಲ್ಲೂ ಒಂದು ಬಿನ್ನಹ: ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸದವರಿಗೆ 2:8–9 ಓದಿ ಪುಸ್ತಕ ಮುಚ್ಚಬೇಡಿ, ನಾವು ಒಳ್ಳೆಯ ಕ್ರಿಯೆಗಳಿಗಾಗಿ ಸೃಷ್ಟಿಯಾದವರು ಎನ್ನುವ 10ನೇ ವಚನ ಅದೇ ಮಾತಿನ ಮುಂದುವರಿಕೆ. ವರದಿಗಾರರು ‘ಮೋಕ್ಷ’ದ ಬದಲು ‘ರಕ್ಷಣೆ’, ‘ಕರ್ಮ’ದ ಬದಲು ‘ಕ್ರಿಯೆ’ ಎಂದು ಬರೆಯಲಿ. ನವೆಂಬರಿನ ಫೋಟೊ ಅಡಿಬರಹದಲ್ಲಿ ಶುದ್ಧೀಕರಣ ಸ್ಥಿತಿಯನ್ನು (ಪರ್ಗೆಟರಿ, ಸತ್ತವರು ಸ್ವರ್ಗ ಸೇರುವ ಮುನ್ನ ಶುದ್ಧರಾಗುವ ಹಂತ) ‘ಎರಡನೇ ಅವಕಾಶ’ ಎನ್ನುವುದೂ ತಪ್ಪು. ಕ್ಯಾಥೊಲಿಕ್ ಬೋಧನೆಯ ಪ್ರಕಾರ ಅಲ್ಲಿರುವವರ ತೀರ್ಪು ಸಾಯುವಾಗಲೇ ಆಗಿದೆ, ಅವರ ರಕ್ಷಣೆ ಖಚಿತ. ಬಾಕಿ ಇರುವುದು ಶುದ್ಧೀಕರಣ.

— ಓದುಗ, ಹಾಸನ