ತಾರೆಯ ಜೀವನಚರಿತ್ರೆ: ಓದು ಕೊನೆಯ ಪುಟಗಳಿಂದ ಶುರುವಾಗಲಿ

ಮಾನ್ಯ ಸಂಪಾದಕರೆ,

ಹೆಸರಾಂತ ಚಿತ್ರತಾರೆಯೊಬ್ಬರ ಹುಳುಕು ತೆರೆದಿಡುವ ಜೀವನಚರಿತ್ರೆ ಬಂದಾಗಲೆಲ್ಲ ಓದುಗರು ಎರಡು ಪಾಳಯವಾಗುತ್ತಾರೆ. ‘ಸತ್ತವರ ಮೇಲೆ ಕೆಸರೆರಚಬೇಡಿ’ ಎನ್ನುವವರು ಒಂದು ಕಡೆ, ‘ಇದೆಲ್ಲ ನಮಗೆ ಮೊದಲೇ ಗೊತ್ತಿತ್ತು’ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಸಾಮಾನ್ಯವಾಗಿ ತೆರೆಯದ ಭಾಗವೆಂದರೆ ಪುಸ್ತಕದ ಕೊನೆಯಲ್ಲಿರುವ ಆಕರ ಟಿಪ್ಪಣಿ, ಅಂದರೆ ಯಾವ ಮಾತು ಎಲ್ಲಿಂದ ಬಂತು ಎಂದು ಹೇಳುವ ಪಟ್ಟಿ. ಇಂಥ ಪುಸ್ತಕ ನಿಲ್ಲುವುದೂ ಕುಸಿಯುವುದೂ ಅಲ್ಲೇ.

ಎರಾಲ್ ಫ್ಲಿನ್ ಅವರನ್ನೇ ತೆಗೆದುಕೊಳ್ಳಿ. 1909ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಹುಟ್ಟಿ, ಕತ್ತಿವರಸೆಯ ಸಾಹಸಚಿತ್ರಗಳಿಂದ ಹಾಲಿವುಡ್‌ನಲ್ಲಿ ಮೆರೆದು, 1959ರಲ್ಲಿ 50ನೇ ವಯಸ್ಸಿಗೇ ತೀರಿಕೊಂಡ ನಟ. 1980ರಲ್ಲಿ ಚಾರ್ಲ್ಸ್ ಹೈಯಮ್ ಬರೆದ ಜೀವನಚರಿತ್ರೆ, ಫ್ಲಿನ್ ನಾಜಿಗಳ ಗೂಢಚಾರರಾಗಿದ್ದರು ಎಂದಿತು. ಅದಕ್ಕೆ ಕೊಟ್ಟ ಆಧಾರ ಅಮೆರಿಕ ಸರ್ಕಾರದ ಕಡತಗಳು ಮತ್ತು ಹರ್ಮನ್ ಎರ್ಬೆನ್ ಎಂಬ ಆಸ್ಟ್ರಿಯಾದ ವೈದ್ಯನ ಗೆಳೆತನ. ಎರ್ಬೆನ್‌ಗೆ ನಾಜಿ ನಂಟು ಇದ್ದದ್ದು ನಿಜ. 1937ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನ್‌ಗೆ ಇಬ್ಬರೂ ಜೊತೆಯಾಗಿ ಹೋದದ್ದೂ ನಿಜ. ಆದರೆ ಗೂಢಚಾರನ ಗೆಳೆಯನೂ ಗೂಢಚಾರನೇ ಎನ್ನಲು ಮೂರನೆಯ ಪುರಾವೆ ಬೇಕು, ಅದು ಪುಸ್ತಕದಲ್ಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಫ್ಲಿನ್ ಬಗ್ಗೆ ಬಂದ ಬೇರೆ ಪುಸ್ತಕಗಳು, ಹೈಯಮ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಕಡತದ ಮಾತುಗಳನ್ನೇ ತಿದ್ದಿ ಬಳಸಿದ್ದಾರೆ ಎಂದು ನೇರವಾಗಿ ಆರೋಪಿಸಿದವು. ಫ್ಲಿನ್ ನಾಜಿ ಏಜೆಂಟ್ ಎಂದು ಹೇಳುವ ಒಂದೂ ದಾಖಲೆ ನನ್ನಲ್ಲಿ ಇಲ್ಲ, ಚೂರುಗಳನ್ನು ಜೋಡಿಸಿ ಆ ತೀರ್ಮಾನಕ್ಕೆ ಬಂದಿದ್ದೇನೆ ಎಂದು ಹೈಯಮ್ ಅವರೇ ಹೇಳಿದ್ದರು.

ಓದುಗರು ನಂಬಿದ್ದಾದರೂ ಏಕೆ? ಫ್ಲಿನ್ ಬದುಕಿನಲ್ಲಿ ದಾಖಲಾದ ಕಲೆಗಳು ಮೊದಲೇ ಇದ್ದವು. ಅಪ್ರಾಪ್ತ ವಯಸ್ಸಿನ ಇಬ್ಬರು ಹುಡುಗಿಯರ ದೂರಿನ ಮೇಲೆ ಅತ್ಯಾಚಾರದ ಮೊಕದ್ದಮೆ ನಡೆದು, 1943ರಲ್ಲಿ ಖುಲಾಸೆಯಾಗಿತ್ತು. ಕುಡಿತದ ಕಥೆಗಳಿಗೆ ಲೆಕ್ಕವಿರಲಿಲ್ಲ. ‘ಇಷ್ಟು ಮಾಡಿದವನು ಅದನ್ನೂ ಮಾಡಿರಲಾರನೇ?’ ಎಂಬ ಒಂದೇ ಪ್ರಶ್ನೆ ಪುರಾವೆಯ ಜಾಗದಲ್ಲಿ ಕೂತುಬಿಟ್ಟಿತು. ಕಹಿ ಜೀವನಚರಿತ್ರೆಯ ಓದಿನಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ. ಜೊತೆಗೆ ಸ್ಟುಡಿಯೊದವರ ಮೌನವೂ ಸೇರಿಕೊಂಡಿತು. ಹೃದಯದ ತೊಂದರೆ, ಮರುಕಳಿಸುವ ಮಲೇರಿಯಾ, ಕ್ಷಯ ಇವುಗಳಿಂದಾಗಿ ಯುದ್ಧಕಾಲದಲ್ಲಿ ಫ್ಲಿನ್ ಅವರನ್ನು ಸೇನೆ ತೆಗೆದುಕೊಂಡಿರಲಿಲ್ಲ. ಸಾಹಸವೀರನ ವರ್ಚಸ್ಸು ಕೆಡುತ್ತದೆಂದು ಆ ಸಂಗತಿಯನ್ನು ಮುಚ್ಚಿಟ್ಟರು. ಮುಚ್ಚಿಟ್ಟ ಕಾರಣ ಕಾಣದೆ ಹೋದಾಗ ಜನ ಬೇರೆ ಕಾರಣ ಹುಡುಕಿಕೊಳ್ಳುತ್ತಾರೆ.

ಈ ಪುಸ್ತಕದ ವಿರುದ್ಧ ಫ್ಲಿನ್ ಅವರ ಹೆಣ್ಣುಮಕ್ಕಳು ಹೂಡಿದ ದಾವೆಯೂ ವಜಾ ಆಯಿತು. ‘ಕೋರ್ಟೇ ಒಪ್ಪಿತಲ್ಲ’ ಎಂದು ಇದನ್ನು ಓದುವುದು ತಪ್ಪು. ಸತ್ತವರ ಮಾನಹಾನಿಗಾಗಿ ಅವರ ಮನೆಯವರು ಪರಿಹಾರ ಕೇಳುವಂತಿಲ್ಲ ಎಂಬುದು 1983ರ ಕ್ಯಾಲಿಫೋರ್ನಿಯಾ ತೀರ್ಪಿನ ತಿರುಳು. ಪುಸ್ತಕದ ಮಾತು ದಿಟವೋ ಸುಳ್ಳೋ ಎಂಬ ವಿಚಾರಣೆಗೆ ಪ್ರಕರಣ ಹೋಗಲೇ ಇಲ್ಲ. ತಾರೆ ಬದುಕಿರುವವರೆಗೆ ಪ್ರಕಾಶಕರ ವಕೀಲರು ಪ್ರತಿ ಸಾಲಿಗೂ ಆಧಾರ ಕೇಳುತ್ತಾರೆ, ಸತ್ತ ಮೇಲೆ ಆ ಜರಡಿಯ ಕಣ್ಣು ದೊಡ್ಡದಾಗುತ್ತದೆ. ಆದ್ದರಿಂದ ತಾರೆ ತೀರಿಕೊಂಡ ವರ್ಷವನ್ನೂ ಪುಸ್ತಕದ ಮೊದಲ ಮುದ್ರಣದ ವರ್ಷವನ್ನೂ ಅಕ್ಕಪಕ್ಕ ಬರೆದಿಟ್ಟುಕೊಂಡು ಓದುವುದು ಒಳ್ಳೆಯದು.

ಹಾಗೆಂದು ಹೈಯಮ್ ಬರೆದದ್ದೆಲ್ಲ ಕಸವೇ? ಅಲ್ಲ, ಅಭಿಮಾನಿಗಳು ಎಡವುವುದು ಇಲ್ಲಿ. ಹಾಲಿವುಡ್ ನಟಿ ಮರ್ಲ್ ಒಬೆರಾನ್ ಕೂಡ ತಾವು ಹುಟ್ಟಿದ್ದು ಅದೇ ಹೋಬಾರ್ಟ್‌ನಲ್ಲಿ ಎಂದು ಬಹುಕಾಲ ಹೇಳಿಕೊಂಡು ಬಂದರು. 1978ರಲ್ಲಿ ಆ ಊರಿನವರು ಆಕೆಯನ್ನು ತಮ್ಮ ಮಗಳೆಂದೇ ಕರೆಸಿ ಗೌರವಿಸಿದರು. ನಿಜವಾಗಿ ಆಕೆ ಹುಟ್ಟಿದ್ದು 1911ರಲ್ಲಿ, ಆಗಿನ ಬೊಂಬಾಯಿಯಲ್ಲಿ, ಆಂಗ್ಲೋ ಇಂಡಿಯನ್ ಮನೆತನದಲ್ಲಿ. ಬೆಳೆದದ್ದು ಕಲ್ಕತ್ತೆಯಲ್ಲಿ. ಬಿಳಿಯರಲ್ಲದವರಿಗೆ ನಾಯಕಿಯ ಪಾತ್ರ ಸಿಗದ ಆ ಕಾಲದ ಚಿತ್ರರಂಗಕ್ಕಾಗಿ ಕಟ್ಟಿದ ಕಥೆ ಅದು. ಆಕೆ 1979ರಲ್ಲಿ ತೀರಿಕೊಂಡರು, 1983ರಲ್ಲಿ ಈ ಗುಟ್ಟನ್ನು ಓದುಗರ ಮುಂದಿಟ್ಟ ಜೀವನಚರಿತ್ರೆಯ ಇಬ್ಬರು ಲೇಖಕರಲ್ಲಿ ಒಬ್ಬರು ಇದೇ ಹೈಯಮ್. ಆಗಲೂ ಹಲವರು ಇದು ತೇಜೋವಧೆ ಎಂದರು. ಆದರೆ ಬೊಂಬಾಯಿಯ ಜನನ ದಾಖಲೆ ಸಿಕ್ಕಿತು. ಲೇಖಕನ ಹೆಸರು ನೋಡಿ ಇಡೀ ಪುಸ್ತಕವನ್ನು ಒಪ್ಪುವುದೂ ಬೇಡ, ಎಸೆಯುವುದೂ ಬೇಡ. ತೂಗಬೇಕಾದದ್ದು ಒಂದೊಂದು ಆರೋಪವನ್ನು.

ತೂಗುವುದು ಹೇಗೆಂದು ಕೇಳುವವರಿಗೆ: ಪುಸ್ತಕದಲ್ಲಿ ಅತಿ ಕಠೋರವಾದ ಐದು ಆರೋಪಗಳನ್ನು ಪುಟಸಂಖ್ಯೆ ಸಮೇತ ಗುರುತು ಹಾಕಿಕೊಳ್ಳಿ. ಒಂದೊಂದರ ಟಿಪ್ಪಣಿ ತೆಗೆದು ನೋಡಿ. ಆ ಕಾಲದ ಪತ್ರ, ದಿನಚರಿ, ಕರಾರು, ಕೋರ್ಟ್ ದಾಖಲೆ ಇದ್ದರೆ ಒಂದು ತೂಕ. 40 ವರ್ಷ ಕಳೆದ ಮೇಲೆ ಕೊಟ್ಟ ಸಂದರ್ಶನವಾದರೆ ಇನ್ನೊಂದು ತೂಕ. ‘ಆಪ್ತರೊಬ್ಬರು ಹೇಳಿದರು’ ಎಂದಷ್ಟೇ ಇದ್ದರೆ ಅದನ್ನು ಬದಿಗಿಡಿ. ಹೇಳಿದವರು ಆ ಹೊತ್ತಿನಲ್ಲಿ ಅಲ್ಲಿದ್ದರೇ, ಇನ್ನೊಬ್ಬರಿಂದ ಕೇಳಿದ್ದೇ ಎಂದು ವಿಚಾರಿಸಿ. ನಾಲ್ಕು ಪುಸ್ತಕಗಳಲ್ಲಿ ಒಂದೇ ಸಂಗತಿ ಇದೆಯೆಂದರೆ ನಾಲ್ಕು ಸಾಕ್ಷಿ ಎಂದುಕೊಳ್ಳಬೇಡಿ. ಟಿಪ್ಪಣಿಗಳ ಜಾಡು ಹಿಡಿದು ಹೋದರೆ ಎಷ್ಟೋ ಸಲ ನಾಲ್ಕೂ ಒಂದೇ ಹಳೆಯ ಗಾಸಿಪ್ ಅಂಕಣಕ್ಕೆ ಹೋಗಿ ಸೇರುತ್ತವೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರು ಆಡಿದ ಮಾತು ಉದ್ಧರಣ ಚಿಹ್ನೆಯೊಳಗೆ ಇದ್ದು, ಆ ಇಬ್ಬರೂ ಎಲ್ಲಿಯೂ ಅದನ್ನು ಬರೆದಿಡದೆ ಸತ್ತಿದ್ದರೆ, ಆ ಸಂಭಾಷಣೆ ಲೇಖಕರದ್ದು. ತಾರೀಕು ಕೊಟ್ಟಿದ್ದರೆ ಇನ್ನೂ ಅನುಕೂಲ. ಶೂಟಿಂಗ್ ವೇಳಾಪಟ್ಟಿ, ಹಡಗಿನ ಪ್ರಯಾಣಿಕರ ಪಟ್ಟಿ, ಆ ದಿನದ ಪತ್ರಿಕೆ ಇವುಗಳಿಗೆ ತಾಳೆ ನೋಡಬಹುದು. ನಟ ಅಂದು ಬೇರೆ ಖಂಡದಲ್ಲಿ ಕ್ಯಾಮೆರಾ ಮುಂದೆ ಇದ್ದದ್ದು ಹೀಗೆಯೇ ಗೊತ್ತಾಗುವುದು. ಉಲ್ಲೇಖದ ನಡುವೆ ಮೂರು ಚುಕ್ಕೆ ಕಂಡಲ್ಲಿ ಬಿಟ್ಟುಹೋದ ಮಾತೇನು ಎಂದು ಮೂಲ ನೋಡಬೇಕು, ಅರ್ಥ ತಿರುಗುವುದು ಬಹುಮಟ್ಟಿಗೆ ಆ ಚುಕ್ಕೆಗಳಲ್ಲಿ.

ಮಕ್ಕಳು ಬರೆದ ನೆನಪಿನ ಪುಸ್ತಕಗಳಿಗೆ ಈ ಅಳತೆಗೋಲು ಪೂರಾ ಒಗ್ಗುವುದಿಲ್ಲ, ಅಲ್ಲಿ ಬರೆದವರೇ ಸಾಕ್ಷಿ. ಹಾಲಿವುಡ್ ನಟಿ ಜೋನ್ ಕ್ರಾಫರ್ಡ್ 1977ರಲ್ಲಿ ತೀರಿಕೊಂಡರು. ದತ್ತು ಮಗಳು ಕ್ರಿಸ್ಟಿನಾ ತಾಯಿಯ ಹಿಂಸೆಯ ಬಗ್ಗೆ ಬರೆದ ಪುಸ್ತಕ 1978ರಲ್ಲಿ ಬಂತು. ತಾಯಿಯ ಉಯಿಲು ಕ್ರಿಸ್ಟಿನಾಗೂ ತಮ್ಮ ಕ್ರಿಸ್ಟೋಫರ್‌ಗೂ ಏನನ್ನೂ ಬಿಟ್ಟಿರಲಿಲ್ಲ. ಆಸ್ತಿ ಸಿಗದ ಸಿಟ್ಟಿನ ಸುಳ್ಳು ಎಂದು ಒಂದು ಪಾಳಯ ಹೇಳಿತು. ಅವಳಿ ತಂಗಿಯರು ತಮ್ಮ ತಾಯಿ ಅಂಥವಳಲ್ಲ ಎಂದರು. ಆದರೆ ಕ್ರಿಸ್ಟಿನಾ ಹುಟ್ಟಿದ್ದು 1939ರಲ್ಲಿ, ಅವಳಿಗಳು 1947ರಲ್ಲಿ. ಎಂಟು ವರ್ಷದ ಅಂತರದಲ್ಲಿ ಒಂದೇ ಮನೆಯಲ್ಲಿ ಎರಡು ಬಾಲ್ಯಗಳು ಇರಬಹುದು. ತಂಗಿಯರು ಕಾಣಲಿಲ್ಲ ಎಂಬುದರಿಂದ ಅಕ್ಕನಿಗೆ ಆಗಲಿಲ್ಲ ಎಂದಾಗುವುದಿಲ್ಲ. ಹೊಡೆತ ತಿಂದೆ ಎನ್ನುವ ಮಗುವಿನ ಮಾತನ್ನು ತಾಯಿ ದೊಡ್ಡ ತಾರೆ ಎಂಬ ಕಾರಣಕ್ಕೆ ತಳ್ಳಿಹಾಕುವುದು ಕ್ರೂರ.

ತಪ್ಪು ಕಂಡ ಓದುಗರು ಪುಸ್ತಕ ನಿಷೇಧಿಸಿ ಎಂದು ಬರೆಯುವ ಬದಲು, ಆವೃತ್ತಿ, ಪುಟ, ಸಾಲು ನಮೂದಿಸಿ, ಎದುರು ದಾಖಲೆಯ ಪ್ರತಿಯೊಂದಿಗೆ ಪ್ರಕಾಶಕರಿಗೆ ಕಳಿಸಲಿ. ಮರುಮುದ್ರಣದಲ್ಲಿ ತಿದ್ದಲು ಅವರಿಗೆ ಬೇಕಾದದ್ದು ಅದು. ತಮ್ಮ ಪತ್ರಿಕೆಗೂ ಒಂದು ವಿನಂತಿ. ಇಂಥ ಪುಸ್ತಕದ ಆಯ್ದ ಭಾಗ ಪ್ರಕಟಿಸುವಾಗ ಜಾಗ ಉಳಿಸಲೆಂದು ಮೊದಲು ಕತ್ತರಿ ಬೀಳುವುದು ಟಿಪ್ಪಣಿಗೆ. ಒಂದು ಪ್ಯಾರಾ ಕಡಿಮೆಯಾದರೂ ಸರಿ, ಆ ಮಾತು ಯಾರದು, ಯಾವ ವರ್ಷದ್ದು, ಎಲ್ಲಿ ದಾಖಲಾಗಿದೆ ಎಂಬ ಎರಡು ಸಾಲನ್ನು ಕೆಳಗೆ ಸಣ್ಣ ಅಕ್ಷರದಲ್ಲಾದರೂ ಉಳಿಸಿಕೊಡಿ.

ಇಂತಿ,
ಜೀವನಚರಿತ್ರೆಗಳ ಸಂಪಾದನೆ, ಕರಡು ತಿದ್ದುವಿಕೆಯಲ್ಲಿ ತೊಡಗಿರುವ ಕೆಲವು ಓದುಗರು